ಲೋಹಸಂಗೀತವೂ ಸುಳಾದಿಯೂ: ‘ಅಗಂ’ ಗೋಷ್ಠಿಯ ಚರಿತ್ರೆಯನ್ನು ಕುರಿತ ವಿಚಾರ

೧. ಪೀಠಿಕೆ

ವಾದ್ಯಗಳು ತತ, ಸುಷಿರ, ಅವನದ್ಧ, ಘನ ಎಂದು ನಾಲ್ಕು ಬಗೆಯಾಗಿರುವುವೆಂಬುದು ಭರತಮುನಿಯ ಕಾಲದಿಂದಲೂ ನಡೆದುಬಂದ ವಿಭಾಗವು. ಇವುಗಳಲ್ಲಿ ಲೋಹದಿಂದಾದ ತಾಳ, ಜಾಗಟೆ, ಗಂಟೆ ಮೊದಲಾದುವು ಘನವಾದ್ಯಗಳು. ಆದುದರಿಂದ ಪಶ್ಚಿಮ ದೇಶಗಳಲ್ಲಿ ಹುಟ್ಟಿ ಈಗ ಲೋಕವ್ಯಾಪ್ತವಾಗಿರುವ ‘ಹೆವಿ ಮೆಟಲ್’ ಎಂಬ ಸಂಗೀತದ ಹೆಸರನ್ನು ಕೇಳಿದ ಸಂಸ್ಕೃತಜ್ಞನು ಇದೊಂದು ಘನವಾದ್ಯಪ್ರಧಾನವಾದ ಗೋಷ್ಠಿಯಾಗಿರಬೇಕೆಂದು ಊಹಿಸುವುದು ಸಹಜವೇ ಸರಿ. ಆದರೆ ಆ ಊಹೆಯು ನಿಲ್ಲುವುದಿಲ್ಲ. ಈ ಸಂಗೀತದ ಜೀವವಿರುವುದು ತತವಾದ್ಯವಾದ ಗಿಟಾರಿನಲ್ಲಿ. ಅದರ ನಾದವನ್ನು ವಿದ್ಯುತ್ತಿನಿಂದ ಹಿಗ್ಗಿಸಿ, ಹಿಗ್ಗಿಸುವ ಯಂತ್ರದ ಮಿತಿಯನ್ನೂ ಮೀರಿಸಿ, ಬೇಕೆಂದೇ ಒರಟುಮಾಡಿದ ಘೋಷವೇ ಇದರ ಲಕ್ಷಣವು. ಲೋಹವೆಂಬ ಮಾತು ಇಲ್ಲಿ ವಾದ್ಯದ ದ್ರವ್ಯವನ್ನಲ್ಲ, ನಾದದ ಭಾರವನ್ನೂ ಕಾಠಿನ್ಯವನ್ನೂ ಲಕ್ಷಣೆಯಿಂದ ತಿಳಿಸುವುದು.

ಈ ಸಂಗೀತದಲ್ಲಿ ‘ಪ್ರೊಗ್ರೆಸಿವ್’ ಎಂಬ ಶಾಖೆಯೊಂದಿದೆ. ದೀರ್ಘವಾದ ರಚನೆ, ನಡುನಡುವೆ ಬದಲಾಗುವ ತಾಳ, ವಾದನದಲ್ಲಿ ಪ್ರೌಢಿ ಇವು ಅದರ ಗುರುತುಗಳು. ಬೆಂಗಳೂರಿನಲ್ಲಿ 2003ರಲ್ಲಿ ಹುಟ್ಟಿದ ‘ಅಗಂ’ ಎಂಬ ಗೋಷ್ಠಿಯು ಈ ಶಾಖೆಯ ಮಾರ್ಗವನ್ನು ಕರ್ಣಾಟಕ ಸಂಗೀತದ ಕೃತಿಗಳೊಡನೆ ಸೇರಿಸಿ ಎರಡು ದಶಕಗಳಿಗೂ ಮೀರಿ ನಡೆದುಬಂದಿದೆ. ಇದರ ಚರಿತ್ರೆಯು ಯುವಜನರ ವಿನೋದದ ಸಂಗತಿಯೆಂದು ಸಾಹಿತ್ಯದ ಅಧ್ಯಾಪಕರು ಬದಿಗಿಡತಕ್ಕುದಲ್ಲ. ಧಾತು ಮಾತುಗಳೆರಡೂ ಕೂಡಿದ್ದ ರಚನೆಯಲ್ಲಿ ಧಾತುವು ಅಳಿದು ಮಾತು ಮಾತ್ರ ಉಳಿದರೆ ಏನಾಗುವುದೆಂಬುದನ್ನು ಕನ್ನಡನಾಡು ಸುಳಾದಿಗಳ ವಿಷಯದಲ್ಲಿ ಕಂಡಿದೆ. ಆ ನಷ್ಟವು ಹೆಚ್ಚಾಗಿ ತಟ್ಟಿರುವುದು ಹರಿದಾಸರ ನೆಲವಾದ ರಾಯಚೂರು ಸೀಮೆಗೆ. ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಕಡೆಯಿಂದ ನೋಡಿದಾಗ ಬೆಂಗಳೂರಿನ ಈ ಗೋಷ್ಠಿಯ ನಡೆಯು ಬೇರೊಂದು ಅರ್ಥವನ್ನು ಪಡೆಯುವುದು. ಅದನ್ನು ವಿವರಿಸುವುದೇ ಪ್ರಕೃತ ಲೇಖನದ ಉದ್ದೇಶವು.

೨. ಶಾಖೆಯ ಉತ್ಪತ್ತಿ

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಪಟ್ಟಣವು ಕಬ್ಬಿಣದ ಕಾರ್ಖಾನೆಗಳ ಊರು. ಅಲ್ಲಿ ತಗಡಿನ ಕಾರ್ಖಾನೆಯೊಂದರಲ್ಲಿ ಕೆಲಸಮಾಡುತ್ತಿದ್ದ ಟೋನಿ ಅಯೋಮಿ ಎಂಬ ತರುಣನು ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳುಗಳ ತುದಿಗಳನ್ನು ಕಳೆದುಕೊಂಡನು. ಎಡಗೈಯಿಂದ ಮೀಟಿ ಬಲಗೈಯಿಂದ ತಂತಿಯನ್ನೊತ್ತುವ ವಾದಕನಾದುದರಿಂದ ಇದು ಅವನ ವಿದ್ಯೆಗೇ ಬಂದ ಕುತ್ತಾಯಿತು. ಅವನು ಪ್ಲಾಸ್ಟಿಕನ್ನು ಕರಗಿಸಿ ಬೆರಳಿಗೆ ಟೊಪ್ಪಿಗೆಗಳನ್ನು ಮಾಡಿಕೊಂಡು, ತೆಳುವಾದ ತಂತಿಗಳನ್ನು ಕಟ್ಟಿ, ಮುಂದೆ ಶ್ರುತಿಯನ್ನೂ ಇಳಿಸಿ ನುಡಿಸತೊಡಗಿದನು. ಅವನಿದ್ದ ‘ಬ್ಲ್ಯಾಕ್ ಸಬ್ಬತ್’ ಗೋಷ್ಠಿಯ ಮೊದಲನೆಯ ಮುದ್ರಿಕೆಯು 1970ರಲ್ಲಿ ಹೊರಟಿತು. ಹೆವಿ ಮೆಟಲಿನ ಆರಂಭವನ್ನು ಸಾಮಾನ್ಯವಾಗಿ ಅಲ್ಲಿಂದಲೇ ಎಣಿಸುವರು.

ಅದಕ್ಕೆ ಒಂದು ವರ್ಷ ಮೊದಲು, 1969ರಲ್ಲಿ, ‘ಕಿಂಗ್ ಕ್ರಿಮ್ಸನ್’ ಎಂಬ ಇನ್ನೊಂದು ಆಂಗ್ಲಗೋಷ್ಠಿಯ ಪ್ರಥಮ ಮುದ್ರಿಕೆಯು ಬಂದಿತ್ತು. ಮೂರು ನಿಮಿಷದ ಹಾಡಿನ ಕಟ್ಟನ್ನು ಮೀರಿ, ವಿಷಮ ತಾಳಗಳಲ್ಲಿ ದೀರ್ಘ ರಚನೆಗಳನ್ನು ಮಾಡುವ ‘ಪ್ರೊಗ್ರೆಸಿವ್ ರಾಕ್’ ಮಾರ್ಗವು ಇಂಥ ಗೋಷ್ಠಿಗಳಿಂದ ಬೆಳೆಯಿತು. ಈ ಎರಡು ಹೊಳೆಗಳೂ 1980ರ ದಶಕದಲ್ಲಿ ಕೂಡಿದುವು. ಆ ಸಂಗಮದಿಂದ ಹೊರಟ ಗೋಷ್ಠಿಗಳಲ್ಲಿ ದೀರ್ಘಾಯುಷಿಯೂ ಪ್ರಸಿದ್ಧವೂ ಆದುದು ಅಮೆರಿಕದ ‘ಡ್ರೀಮ್ ಥಿಯೇಟರ್’.

ಬಾಸ್ಟನ್ ನಗರದ ಬರ್ಕ್ಲೀ ಸಂಗೀತ ವಿದ್ಯಾಲಯದ ವಿದ್ಯಾರ್ಥಿಗಳಾಗಿದ್ದ ಜಾನ್ ಪೆಟ್ರೂಚಿ, ಜಾನ್ ಮ್ಯಾಂಗ್, ಮೈಕ್ ಪೋರ್ಟ್‌ನಾಯ್ ಎಂಬ ಮೂವರು ಇದನ್ನು 1985ರಲ್ಲಿ ‘ಮೆಜೆಸ್ಟಿ’ ಎಂಬ ಹೆಸರಿನಿಂದ ಕಟ್ಟಿದರು. ಈಗಿನ ಹೆಸರು ಬಂದುದು 1988ರಲ್ಲಿ. 1989ರ ಮೊದಲನೆಯ ಮುದ್ರಿಕೆಯಿಂದ 2025ರ ‘ಪ್ಯಾರಾಸಾಮ್ನಿಯಾ’ದವರೆಗೆ ಹದಿನಾರು ಮುದ್ರಿಕೆಗಳು ಬಂದಿವೆ. ಈ ನಡುವೆ ಗಾಯಕನು ಬದಲಾದನು. ಕೀಬೋರ್ಡು ವಾದಕರು ಬದಲಾದರು. ಸ್ಥಾಪಕರಲ್ಲೊಬ್ಬನಾದ ಪೋರ್ಟ್‌ನಾಯ್ 2010ರಲ್ಲಿ ಹೊರಟುಹೋಗಿ, ಹದಿಮೂರು ವರ್ಷಗಳ ತರುವಾಯ 2023ರಲ್ಲಿ ಮರಳಿ ಬಂದನು. ಜ್ವಾಲೆಗಳು ಕ್ಷಣಕ್ಷಣಕ್ಕೂ ಬೇರೆಯಾದರೂ ದೀಪವು ಒಂದೇ ಎಂಬ ಪ್ರತ್ಯಭಿಜ್ಞೆಯು ಹೇಗೆ ಉಂಟಾಗುವುದೆಂದು ಶಾಸ್ತ್ರಕಾರರು ಚರ್ಚಿಸಿರುವರಷ್ಟೆ. ವ್ಯಕ್ತಿಗಳು ಬದಲಾದರೂ ರಚನಾಕ್ರಮವು ಬದಲಾಗದುದರಿಂದ ಕೇಳುಗರು ಈ ಗೋಷ್ಠಿಯನ್ನು ಅದೇ ಗೋಷ್ಠಿಯೆಂದು ಗುರುತಿಸಿದರು. ವಾದಕರ ಸಂಪ್ರದಾಯಕ್ಕೂ ಗುರುಕುಲದ ಸಂಪ್ರದಾಯಕ್ಕೂ ಈ ಅಂಶದಲ್ಲಿ ಸಾಮ್ಯವಿದೆ.

೩. ಬೆಂಗಳೂರಿನಲ್ಲಿ ಲೋಹಗೋಷ್ಠಿಗಳು

ಈ ಸಂಗೀತಕ್ಕೆ ಭಾರತದಲ್ಲಿ ನೆಲೆಯಾದ ಪಟ್ಟಣಗಳಲ್ಲಿ ಬೆಂಗಳೂರು ಮುಖ್ಯವಾದುದು. ಇಂಗ್ಲೆಂಡಿನ ‘ಐರನ್ ಮೇಡನ್’ ಗೋಷ್ಠಿಯು 2007ರ ಮಾರ್ಚಿಯಲ್ಲಿಯೂ, ಅಮೆರಿಕದ ‘ಮೆಟಾಲಿಕಾ’ ಗೋಷ್ಠಿಯು 2011ರ ಅಕ್ಟೋಬರಿನಲ್ಲಿಯೂ ಅಲ್ಲಿಯ ಅರಮನೆ ಮೈದಾನದಲ್ಲಿ ನುಡಿಸಿದುವು. ಆದರೆ ಅವರ ಬರವಿಗಿಂತ ಮೊದಲೇ ಸ್ಥಳೀಯ ಗೋಷ್ಠಿಗಳು ಬೇರೂರಿದ್ದುವು. 1998ರಲ್ಲಿ ಹುಟ್ಟಿದ ‘ಕ್ರಿಪ್ಟೋಸ್’ ಇವುಗಳಲ್ಲಿ ಗಣ್ಯವಾದುದು. ‘ಗೂಢ’ವೆಂಬುದು ಆ ಗ್ರೀಕ್ ಶಬ್ದದ ಅರ್ಥ. 2004ರ ‘ಸ್ಪೈರಲ್ ಅಸೆಂಟ್’ ಮೊದಲ್ಗೊಂಡು 2024ರ ‘ಡೆಸಿಮೇಟರ್’ವರೆಗೆ ಅದರ ಏಳು ಮುದ್ರಿಕೆಗಳು ಹೊರಬಂದಿವೆ. ಜರ್ಮನಿಯ ವಾಕನ್ ಎಂಬ ಗ್ರಾಮದಲ್ಲಿ ವರ್ಷಂಪ್ರತಿ ನಡೆಯುವ ಲೋಹಸಂಗೀತದ ಮಹಾಜಾತ್ರೆಯಲ್ಲಿ ಈ ಗೋಷ್ಠಿಯು 2013ರಲ್ಲಿ ನುಡಿಸಿತು.

ಕ್ರಿಪ್ಟೋಸ್ ಹಾಡುವುದು ಇಂಗ್ಲಿಷಿನಲ್ಲಿ. ಅದರ ಮಾರ್ಗವು ಆಂಗ್ಲರ ಹಳೆಯ ಲೋಹಗೋಷ್ಠಿಗಳ ಮಾರ್ಗವೇ. ಪರಭಾಷೆಯ ಛಂದಸ್ಸಿನಲ್ಲಿ ಆ ಭಾಷೆಯವರೇ ಮೆಚ್ಚುವಂತೆ ಕಾವ್ಯವನ್ನು ಬರೆದಂತೆ ಇದೊಂದು ಸಿದ್ಧಿ. ಆದರೆ ಸ್ವದೇಶದ ಲಕ್ಷಣವನ್ನೂ ಪರದೇಶದ ಲಕ್ಷಣವನ್ನೂ ಒಂದೆಡೆ ನಿಲ್ಲಿಸಿ ಎರಡಕ್ಕೂ ನ್ಯಾಯವಾಗುವಂತೆ ಸೇರಿಸುವುದು ಬೇರೊಂದು ಬಗೆಯ ಕಾರ್ಯವು. ಅದಕ್ಕೆ ಕೈಹಾಕಿದುದು ಅಗಂ.

೪. ಅಗಂ ಗೋಷ್ಠಿಯ ನಡೆ

‘ಅಗಂ’ ಎಂಬುದು ತಮಿಳಿನಲ್ಲಿ ಒಳಗು, ಅಂತರಂಗ ಎಂಬರ್ಥವುಳ್ಳ ಶಬ್ದ. ಪ್ರಾಚೀನ ತಮಿಳು ಕಾವ್ಯಮೀಮಾಂಸೆಯಲ್ಲಿ ಅಂತರಂಗದ ಪ್ರೇಮವನ್ನು ವಸ್ತುವಾಗುಳ್ಳ ಕವಿತೆಗೆ ಇದೇ ಹೆಸರೆಂಬುದು ವಿದ್ವಾಂಸರಿಗೆ ವಿದಿತವೇ ಆಗಿದೆ. ಗೋಷ್ಠಿಯ ಮುಖ್ಯ ಗಾಯಕರೂ ಪಿಟೀಲುವಾದಕರೂ ಆದವರು ಹರೀಶ್ ಶಿವರಾಮಕೃಷ್ಣನ್, ಕೀಬೋರ್ಡನ್ನು ನುಡಿಸಿ ಸಾಹಿತ್ಯವನ್ನು ರಚಿಸಿದವರು ಸ್ವಾಮಿ ಸೀತಾರಾಮನ್, ಗಿಟಾರಿನಲ್ಲಿ ಟಿ. ಪ್ರವೀಣ್ ಕುಮಾರ್, ಡ್ರಮ್ಮಿನಲ್ಲಿ ಗಣೇಶ್ ರಾಮ್ ನಾಗರಾಜನ್, ಇತರ ತಾಳವಾದ್ಯಗಳಲ್ಲಿ ಶಿವಕುಮಾರ್ ನಾಗರಾಜನ್ ಇವರ ಹೆಸರುಗಳು ಗೋಷ್ಠಿಯೊಡನೆ ಕೂಡಿಬಂದಿವೆ. ಸಂಗೀತವೇ ಜೀವನೋಪಾಯವಾಗಿಲ್ಲದೆ, ವಾರದ ದಿನಗಳಲ್ಲಿ ಬೇರೆ ಉದ್ಯೋಗವನ್ನು ಮಾಡುತ್ತ ಬಿಡುವಿನಲ್ಲಿ ಸಾಧನೆಯನ್ನು ನಡೆಸಿದವರಿಂದ ಈ ಗೋಷ್ಠಿಯು ಬೆಳೆಯಿತೆಂಬುದು ಗಮನಾರ್ಹವು. ಬೆಂಗಳೂರಿನ ಗಣಕಯಂತ್ರೋದ್ಯಮವು ನೆರೆನಾಡುಗಳ ವಿದ್ಯಾವಂತರನ್ನು ಒಂದೆಡೆ ಸೇರಿಸಿತು. ಅವರಲ್ಲಿ ಬಾಲ್ಯದ ಸಂಗೀತ ಶಿಕ್ಷಣವನ್ನು ಮರೆಯದವರು ಇಂಥ ಗೋಷ್ಠಿಗಳನ್ನು ಕಟ್ಟಿದರು.

2007ರಲ್ಲಿ ಸನ್ ಟಿವಿಯು ನಡೆಸಿದ ‘ಊ ಲಲಲ್ಲಾ’ ಎಂಬ ಗೋಷ್ಠಿಗಳ ಸ್ಪರ್ಧೆಯಲ್ಲಿ ಅಗಂ ಜಯವನ್ನು ಪಡೆಯಿತು. ಆ ಸ್ಪರ್ಧೆಯೊಡನೆ ಎ. ಆರ್. ರಹಮಾನರ ಹೆಸರು ಸೇರಿದ್ದುದರಿಂದ ಗೋಷ್ಠಿಯ ಖ್ಯಾತಿಯು ದಕ್ಷಿಣದೇಶದಲ್ಲೆಲ್ಲ ಹರಡಿತು. ಆದರೂ ಮೊದಲನೆಯ ಮುದ್ರಿಕೆಯನ್ನು ಹೊರಡಿಸಲು ಅವರು ಅವಸರಪಡಲಿಲ್ಲ. ‘ದಿ ಇನ್ನರ್ ಸೆಲ್ಫ್ ಅವೇಕನ್ಸ್’, ಎಂದರೆ ಅಂತರಾತ್ಮನ ಎಚ್ಚರ, ಎಂಬ ಪ್ರಥಮ ಮುದ್ರಿಕೆಯು ಬಂದುದು 2012ರಲ್ಲಿ. ‘ಎ ಡ್ರೀಮ್ ಟು ರಿಮೆಂಬರ್’ ಎಂಬ ಎರಡನೆಯದು 2017ರಲ್ಲಿ. ಹದಿನಾಲ್ಕು ವರ್ಷಗಳಲ್ಲಿ ಎರಡೇ ಮುದ್ರಿಕೆಗಳೆಂಬುದು ಉದ್ಯೋಗದ ನಡುವೆ ಕಾಲವನ್ನು ಕದ್ದು ಮಾಡಿದ ಸಾಧನೆಗೆ ಸಾಕ್ಷಿಯಾಗಿದೆ.

ಇವರು ಆಯ್ದ ವಸ್ತುಗಳನ್ನು ಪರಿಶೀಲಿಸಿದರೆ ಗೋಷ್ಠಿಯ ದೃಷ್ಟಿಯು ತಿಳಿಯುವುದು. ತ್ಯಾಗರಾಜರ ‘ಬಂಟುರೀತಿ ಕೊಲು’ ಎಂಬ ಹಂಸನಾದದ ಕೃತಿಯು ‘ಸ್ವಾನ್ಸ್ ಆಫ್ ಸರಸ್ವತಿ’ ಎಂಬ ಹೆಸರಿನಲ್ಲಿಯೂ, ಅವರದೇ ‘ಮನವ್ಯಾಲಕಿಂಚ’ ಎಂಬ ನಳಿನಕಾಂತಿಯ ಕೃತಿಯು ‘ಮಿಸ್ಟ್ ಆಫ್ ಕ್ಯಾಪ್ರಿಕಾರ್ನ್’ ಎಂಬ ಹೆಸರಿನಲ್ಲಿಯೂ ಇವರಲ್ಲಿ ಹೊಸ ರೂಪವನ್ನು ತಾಳಿದುವು. ಸ್ವಾತಿ ತಿರುನಾಳರ ಧನಾಶ್ರೀ ತಿಲ್ಲಾನವು ಮೊದಲ ಮುದ್ರಿಕೆಯಲ್ಲಿದೆ. ಎಂ. ಡಿ. ರಾಮನಾಥನ್ ಅವರು ಬಾಗೇಶ್ರೀಯಲ್ಲಿ ರಚಿಸಿದ ‘ಸಾಗರಶಯನ ವಿಭೋ’, ದೀಕ್ಷಿತರ ಬೃಂದಾವನ ಸಾರಂಗದ ‘ರಂಗಪುರವಿಹಾರ’ ಇವೂ ಗೋಷ್ಠಿಯ ಪ್ರಸಿದ್ಧ ಗೀತಗಳಾಗಿವೆ. ‘ದಿ ಬೋಟ್ ಸಾಂಗ್’ ಎಂಬುದು ಕೇರಳದ ದೋಣಿಹಾಡಿನ ಗತಿಯನ್ನು ಹಿಡಿದುದು.

೫. ರಾಗದ ಪ್ರಶ್ನೆ

ಈ ಮಿಶ್ರಣದ ವಿಷಯದಲ್ಲಿ ಪಂಡಿತರು ಎತ್ತುವ ಮೊದಲನೆಯ ಆಕ್ಷೇಪವು ರಾಗಕ್ಕೆ ಸಂಬಂಧಿಸಿದುದು. ಪಾಶ್ಚಾತ್ಯ ಸಂಗೀತವು ಅನೇಕ ಸ್ವರಗಳನ್ನು ಏಕಕಾಲದಲ್ಲಿ ನುಡಿಸುವುದು. ರಾಗವಾದರೋ ಒಂದಾದಮೇಲೊಂದಾಗಿ ಬರುವ ಸ್ವರಗಳ ಸಂಚಾರದಲ್ಲಿ ನೆಲಸಿರುವುದು. ಆದುದರಿಂದ ಎರಡಕ್ಕೂ ವಿರೋಧವೆಂದು ಹೇಳುವರು. ಈ ಆಕ್ಷೇಪವು ಪಿಯಾನೋದಂಥ ವಾದ್ಯದ ತ್ರಿಸ್ವರ ಮೇಳನಕ್ಕೆ ಪೂರ್ತಿಯಾಗಿ ಸಲ್ಲತಕ್ಕುದು. ಆ ಮೇಳನದಲ್ಲಿ ಆಧಾರ ಸ್ವರದೊಡನೆ ಗಾಂಧಾರವೂ ಪಂಚಮವೂ ಸೇರಿರಬೇಕು. ಗಾಂಧಾರವೇ ಇಲ್ಲದ ಹಂಸನಾದದಲ್ಲಿ ಷಡ್ಜದ ಮೇಲೆ ಅಂಥ ಮೇಳನವನ್ನು ಕಟ್ಟಿದೊಡನೆಯೇ ರಾಗವು ಕೆಡುವುದು.

ಆದರೆ ಲೋಹಗೋಷ್ಠಿಯ ಸ್ಥಿತಿಯು ಬೇರೆ. ಗಿಟಾರಿನ ನಾದವನ್ನು ಒರಟುಮಾಡಿದಾಗ ಮೂರು ಸ್ವರಗಳ ಮೇಳನವು ಕದಡಿ ಕರ್ಕಶವಾಗುವುದು. ಆದುದರಿಂದ ಆ ವಾದಕರು ಗಾಂಧಾರವನ್ನು ಬಿಟ್ಟು, ಆಧಾರ ಸ್ವರವನ್ನೂ ಅದರ ಪಂಚಮವನ್ನೂ ಮಾತ್ರ ಸೇರಿಸಿ ನುಡಿಸುವರು. ಇದಕ್ಕೆ ‘ಪವರ್ ಕಾರ್ಡ್’ ಎಂದು ಹೆಸರು. ಷಡ್ಜಪಂಚಮಗಳ ಈ ಜೋಡಿಯು ನಮ್ಮ ತಂಬೂರಿಯಲ್ಲಿ ಸದಾ ಮೊಳಗುತ್ತಿರುವ ಜೋಡಿಯೇ ಅಲ್ಲವೆ? ಕಿವಿಗೆ ಅತ್ಯಂತ ಕ್ರೂರವೆಂದು ತೋರುವ ಈ ಸಂಗೀತವು ಸ್ವರವಿಷಯದಲ್ಲಿ ಮೃದುವಾದ ಪಿಯಾನೋವಿಗಿಂತ ರಾಗಕ್ಕೆ ಹೆಚ್ಚು ಹತ್ತಿರದಲ್ಲಿದೆ.

ಹಾಗೆಂದು ಅಪಾಯವಿಲ್ಲವೆಂದಲ್ಲ. ಜೋಡಿಯು ಷಡ್ಜವನ್ನು ಬಿಟ್ಟು ಚಲಿಸತೊಡಗಿದಾಗ ಪರೀಕ್ಷೆಯು ಬರುವುದು. ಇಂದಿನ ರೂಢಿಯ ಹಂಸನಾದದಲ್ಲಿ ಷಡ್ಜ, ಚತುಃಶ್ರುತಿ ಋಷಭ, ಪ್ರತಿಮಧ್ಯಮ, ಪಂಚಮ, ಕಾಕಲಿ ನಿಷಾದಗಳೆಂಬ ಐದು ಸ್ವರಗಳುಂಟು. ಷಡ್ಜಕ್ಕೆ ಸಂವಾದಿಯಾದ ಪಂಚಮವೂ, ಪಂಚಮಕ್ಕೆ ಸಂವಾದಿಯಾದ ಋಷಭವೂ, ನಿಷಾದಕ್ಕೆ ಸಂವಾದಿಯಾದ ಪ್ರತಿಮಧ್ಯಮವೂ ರಾಗದೊಳಗೇ ಇವೆ. ಋಷಭದ ಮೇಲಿನ ಪಂಚಮವಾದರೋ ಚತುಃಶ್ರುತಿ ಧೈವತವಾಗುವುದು, ಪ್ರತಿಮಧ್ಯಮದ ಮೇಲಿನದು ಶುದ್ಧ ಋಷಭವಾಗುವುದು, ಇವೆರಡೂ ಅನ್ಯಸ್ವರಗಳು. ಎಂದ ಬಳಿಕ ಐದರಲ್ಲಿ ಮೂರು ಸ್ಥಾನಗಳಲ್ಲಿ ಜೋಡಿಯನ್ನು ನಿಶ್ಚಿಂತೆಯಿಂದ ನುಡಿಸಬಹುದು. ಉಳಿದೆರಡರಲ್ಲಿ ಒಂಟಿ ಸ್ವರಕ್ಕೆ ನಿಲ್ಲಬೇಕು. ಈ ವಿವೇಕವುಳ್ಳ ವಾದಕನಿಗೆ ಗಿಟಾರು ದೊಡ್ಡ ತಂಬೂರಿಯಾಗುವುದು. ಇಲ್ಲದವನಿಗೆ ರಾಗನಾಶಕ ಯಂತ್ರವಾಗುವುದು. ದೋಷವು ಮಾರ್ಗದಲ್ಲಿಲ್ಲ, ಪ್ರಯೋಗದಲ್ಲಿ ಇರಬಹುದೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

೬. ಸಾಹಿತ್ಯದ ಪ್ರಶ್ನೆ

ಎರಡನೆಯ ಆಕ್ಷೇಪವು ಇದಕ್ಕಿಂತ ಗಂಭೀರವಾದುದು. ಕೃತಿಯನ್ನು ಅದರ ಪಲ್ಲವಿಯ ಮೊದಲ ಮಾತಿನಿಂದ ಕರೆಯುವುದು ನಮ್ಮ ರೂಢಿ. ಅಗಂ ಗೋಷ್ಠಿಯವರು ತಮ್ಮ ರೂಪಾಂತರಗಳಿಗೆ ಇಂಗ್ಲಿಷಿನ ಹೊಸ ಹೆಸರುಗಳನ್ನಿಟ್ಟರು. ಗಿಟಾರು, ಡ್ರಮ್ಮು, ಪಿಟೀಲುಗಳ ವಿಸ್ತಾರವು ಸೇರಿದ ಮೇಲೆ ಇದು ಬೇರೊಂದು ರಚನೆಯೇ ಆಗಿರುವುದರಿಂದ ಬೇರೊಂದು ಹೆಸರು ತಕ್ಕುದೆಂದು ಅವರ ಪಕ್ಷದಲ್ಲಿ ಹೇಳಬಹುದು. ಆದರೆ ವಾಗ್ಗೇಯಕಾರನ ಹೆಸರು ಉಳಿದಿರುವುದು ಮುದ್ರೆಯಲ್ಲಿ. ದಾಸರ ಅಂಕಿತವಾಗಲಿ ತ್ಯಾಗರಾಜರ ಮುದ್ರೆಯಾಗಲಿ ಬರುವುದು ಚರಣದ ಕೊನೆಯಲ್ಲಿ. ವಾದನದ ವಿಸ್ತಾರಕ್ಕಾಗಿ ಚರಣವನ್ನು ಮೊಟಕುಮಾಡಿದರೆ ಅಂಕಿತವು ಲೋಪವಾಗಿ, ರಚನೆಯು ಅನಾಥವಾಗುವುದು. ಇದು ಈ ಒಂದು ಗೋಷ್ಠಿಗೆ ಮಾತ್ರವಲ್ಲ, ಹಳೆಯ ಕೃತಿಗಳನ್ನು ಹೊಸ ವಾದ್ಯಗಳಲ್ಲಿ ನುಡಿಸುವ ಎಲ್ಲರಿಗೂ ಅನ್ವಯಿಸುವ ಎಚ್ಚರಿಕೆಯು.

ಇನ್ನೊಂದು ಕಡೆಯಿಂದ ನೋಡತಕ್ಕುದೂ ಇದೆ. ಸಭಾಗಾನಕ್ಕೆ ಎಂದೂ ಹೋಗದ ಸಾವಿರಾರು ವಿದ್ಯಾರ್ಥಿಗಳು ನಳಿನಕಾಂತಿಯೆಂಬ ರಾಗದ ಹೆಸರನ್ನು ಮೊದಲು ಕೇಳಿದುದು ಇಂಥ ಗೋಷ್ಠಿಗಳಿಂದ. ಅವರಲ್ಲಿ ಕೆಲವರಾದರೂ ಮೂಲಕೃತಿಯನ್ನು ಅರಸಿ ಹೋಗುವರು. ಭಾಷಾಂತರದಿಂದ ಮೂಲಕ್ಕೆ ಹೋಗುವ ಓದುಗನಂತೆ ಇವನೂ ಒಬ್ಬ ಜಿಜ್ಞಾಸುವು.

೭. ಲಯದ ಪ್ರಶ್ನೆಯೂ ಸುಳಾದಿಯೂ

ಪ್ರೊಗ್ರೆಸಿವ್ ಮಾರ್ಗದ ಮುಖ್ಯ ಲಕ್ಷಣವಾದ ತಾಳಪರಿವರ್ತನೆಯು ನಮ್ಮವರಿಗೆ ಹೊಸದೇ ಎಂಬುದನ್ನು ಈಗ ವಿಚಾರಿಸಬೇಕು. ಹದಿಮೂರನೆಯ ಶತಮಾನದ ಶಾರ್ಙ್ಗದೇವನು ಸಂಗೀತರತ್ನಾಕರದಲ್ಲಿ ಧ್ರುವ, ಮಂಠ, ಪ್ರತಿಮಂಠ, ನಿಃಸಾರು, ಅಡ್ಡ, ರಾಸ, ಏಕತಾಲಿ ಎಂಬ ಏಳು ಸಾಲಗಸೂಡ ಪ್ರಬಂಧಗಳನ್ನು ವಿವರಿಸಿರುವನು. ಸೂಡಗಳ ಈ ಪರಂಪರೆಯಲ್ಲಿಯೇ ಕನ್ನಡ ಹರಿದಾಸರ ಸುಳಾದಿಯು ಬೆಳೆಯಿತು. ಶ್ರೀಪಾದರಾಜರು, ವ್ಯಾಸರಾಯರು, ಪುರಂದರದಾಸರು ಅದನ್ನು ಬೆಳೆಸಿದರು. ಒಂದೇ ವಿಷಯವನ್ನು ಧ್ರುವ, ಮಠ್ಯ, ರೂಪಕ, ಝಂಪೆ, ತ್ರಿಪುಟ, ಅಟ್ಟ, ಏಕ ಎಂಬ ತಾಳಗಳ ಖಂಡಗಳಲ್ಲಿ ಬೆಳೆಯಿಸಿ, ಕೊನೆಯಲ್ಲಿ ಎರಡು ಸಾಲಿನ ಜತೆಯಿಂದ ಮುಗಿಸುವುದು ಅದರ ಕ್ರಮ. ಇಂದಿನ ಎಣಿಕೆಯಲ್ಲಿ ಇವು ಕ್ರಮವಾಗಿ 14, 10, 6, 10, 7, 14, 4 ಅಕ್ಷರಗಳ ಆವರ್ತಗಳು.

ಇದಕ್ಕೆ ಡ್ರೀಮ್ ಥಿಯೇಟರಿನ ರಚನೆಗಳನ್ನು ಹೋಲಿಸಬಹುದು. 1995ರ ‘ಎ ಚೇಂಜ್ ಆಫ್ ಸೀಸನ್ಸ್’ ಎಂಬುದು ಇಪ್ಪತ್ತಮೂರು ನಿಮಿಷಗಳ ಒಂದೇ ಗೀತ. ಅದಕ್ಕೆ ಏಳು ಖಂಡಗಳು. 1999ರ ‘ದಿ ಡ್ಯಾನ್ಸ್ ಆಫ್ ಎಟರ್ನಿಟಿ’ ಎಂಬ ವಾದ್ಯರಚನೆಯಲ್ಲಿ ಸುಮಾರು ಆರು ನಿಮಿಷಗಳೊಳಗೆ ನೂರಕ್ಕೂ ಮೀರಿ ತಾಳಗಳು ಬದಲಾಗುವುವು. ಪಾಶ್ಚಾತ್ಯರು ವಿಷಮವೆನ್ನುವ ಏಳರ ಎಣಿಕೆಯು ನಮಗೆ 3, 2, 2 ಎಂದು ಒಡೆಯುವ ತ್ರಿಪುಟವೇ. ಆದರೆ ಭೇದವನ್ನೂ ಹೇಳಬೇಕು. ಅವರಲ್ಲಿ ತಾಳವು ಬದಲಾಗುವುದು ಕೇಳುಗನನ್ನು ಬೆರಗುಗೊಳಿಸಲು. ಒಮ್ಮೊಮ್ಮೆ ಆವರ್ತಕ್ಕೊಂದು ತಾಳ. ಸುಳಾದಿಯಲ್ಲಿ ತಾಳವು ಬದಲಾಗುವುದು ಅರ್ಥವು ಒಂದು ಮೆಟ್ಟಿಲನ್ನು ಏರಿದಾಗ. ಪ್ರತಿಜ್ಞೆ, ಉಪಪತ್ತಿ, ದೃಷ್ಟಾಂತ, ಪ್ರಾರ್ಥನೆ ಇವು ಒಂದೊಂದು ತಾಳದಲ್ಲಿ ಪೂರ್ಣವಾಗಿ ನಿಂತು ಮುಂದೆ ಸಾಗುವುವು. ಅಲ್ಲಿ ಲಯವು ಪ್ರಧಾನ. ಇಲ್ಲಿ ಲಯವು ವಾಕ್ಯಾರ್ಥಕ್ಕೆ ಅಂಗ.

ಸುಳಾದಿಗಳನ್ನು ಹೇರಳವಾಗಿ ರಚಿಸಿದ ವಿಜಯದಾಸರು (1682–1755) ರಾಯಚೂರು ಸೀಮೆಯ ಚೀಕಲಪರ್ವಿಯವರು. ಅವರ ಪರಂಪರೆಯ ಜಗನ್ನಾಥದಾಸರು (1728–1809) ಮಾನವಿಯವರು. ಜಗನ್ನಾಥದಾಸರ ಶಿಷ್ಯರಾದ ಪ್ರಾಣೇಶದಾಸರು ಲಿಂಗಸುಗೂರಿನವರು. ತುಂಗಭದ್ರೆ ಕೃಷ್ಣೆಗಳ ನಡುವಣ ಈ ಎಡೆದೊರೆ ನಾಡು ಒಂದು ಕಾಲಕ್ಕೆ ಸುಳಾದಿಯ ತವರಾಗಿತ್ತು. ಇಂದು ಈ ಸೀಮೆಯಲ್ಲಿ ಸುಳಾದಿಗಳು ಬಹುಮಟ್ಟಿಗೆ ಪಾರಾಯಣಗ್ರಂಥಗಳಾಗಿವೆ. ಪುಸ್ತಕದಲ್ಲಿ ರಾಗದ ಹೆಸರೂ ತಾಳದ ಹೆಸರೂ ಅಚ್ಚಾಗಿರುತ್ತವೆ. ಓದುವವರು ಒಂದೇ ಸ್ವರದಲ್ಲಿ ಓದಿ ಮುಗಿಸುವರು. ಹದಿನೆಂಟನೆಯ ಶತಮಾನದಲ್ಲಿ ತಂಜಾವೂರಿನ ತುಳಜ ಮಹಾರಾಜನು ಸಂಗೀತಸಾರಾಮೃತದಲ್ಲಿ ರಾಗಲಕ್ಷಣಕ್ಕೆ ಸುಳಾದಿಯ ಭಾಗಗಳನ್ನು ಸ್ವರಸಹಿತವಾಗಿ ಉದಾಹರಿಸಿರುವನು. ಅಂದು ಲಕ್ಷಣಕ್ಕೆ ಪ್ರಮಾಣವಾಗಿದ್ದ ಗಾನವು ಇಂದು ಅದರ ಹುಟ್ಟೂರುಗಳಲ್ಲಿಯೇ ಮೌನವಾಗಿದೆ.

ಮಸ್ಕಿಯ ಬಂಡೆಯು ಈ ಸಂದರ್ಭದಲ್ಲಿ ನೆನಪಿಗೆ ಬರುವುದು. 1915ರಲ್ಲಿ ಬೆಳಕಿಗೆ ಬಂದ ಅಲ್ಲಿಯ ಶಾಸನವು ದೇವಾನಾಂಪ್ರಿಯನೆಂಬ ಬಿರುದಿನೊಡನೆ ಅಶೋಕನೆಂಬ ಹೆಸರನ್ನೂ ಹೇಳಿ ಇತಿಹಾಸದ ದೊಡ್ಡ ಸಂದೇಹವನ್ನು ನೀಗಿಸಿತು. ಲಿಪಿಯನ್ನು ಓದಬಲ್ಲವರು ಇಲ್ಲದೆ ಎಷ್ಟೋ ಶತಮಾನಗಳು ಕಳೆದರೂ ಕಲ್ಲು ಅಕ್ಷರವನ್ನು ಕಾಪಾಡಿತು; ಓದುವವರು ಬಂದಾಗ ಅರ್ಥವು ಮರಳಿ ದೊರೆಯಿತು. ಧಾತುವಿಗೆ ಈ ಭಾಗ್ಯವಿಲ್ಲ. ಕಂಠದಿಂದ ಕಂಠಕ್ಕೆ ಸಾಗದ ರಾಗಸಂಚಾರವನ್ನು ಯಾವ ಬಂಡೆಯೂ ಕಾಯದು. ಒಂದು ತಲೆಮಾರು ಹಾಡದಿದ್ದರೆ ಮುಂದಿನ ತಲೆಮಾರಿಗೆ ಮಾತು ಮಾತ್ರ ಸಿಕ್ಕುವುದು.

೮. ಉಪಸಂಹಾರ

ಇದುವರೆಗಿನ ವಿಚಾರದಿಂದ ಮೂರು ಸಂಗತಿಗಳು ಸಿದ್ಧವಾಗುತ್ತವೆ. ಮೊದಲನೆಯದು: ಲೋಹಗೋಷ್ಠಿಯ ಷಡ್ಜಪಂಚಮ ಪದ್ಧತಿಯು, ವಿವೇಕವಿದ್ದಲ್ಲಿ, ರಾಗಕ್ಕೆ ಬಾಧಕವಲ್ಲ. ಎರಡನೆಯದು: ಅದರ ಪ್ರೊಗ್ರೆಸಿವ್ ಶಾಖೆಯ ಖಂಡರಚನೆ, ತಾಳಪರಿವರ್ತನೆಗಳಿಗೆ ಸುಳಾದಿಯಲ್ಲಿ ಪ್ರಾಚೀನವಾದ ಸಜಾತೀಯ ರೂಪವಿದೆ. ಒಂದು ಇನ್ನೊಂದರಿಂದ ಹುಟ್ಟಿತೆಂದು ಇದರ ತಾತ್ಪರ್ಯವಲ್ಲ. ಸ್ವತಂತ್ರವಾಗಿ ಬೆಳೆದ ಎರಡು ಮಾರ್ಗಗಳು ಒಂದೇ ಅಗತ್ಯಕ್ಕೆ ಒಂದೇ ಉಪಾಯವನ್ನು ಕಂಡುಕೊಂಡುವೆಂದು ಮಾತ್ರ ಹೇಳಬಹುದಾಗಿದೆ. ಮೂರನೆಯದು: ಬೇರೆ ಉದ್ಯೋಗಗಳಲ್ಲಿದ್ದ ಕೆಲವರು ಕೂಡಿ ಎರಡು ದಶಕಗಳಿಗೂ ಮೀರಿ ಬಿಡದೆ ಸಾಧಿಸಿದರೆ ಹಳೆಯ ಕೃತಿಯು ಹೊಸ ಕಿವಿಗಳನ್ನು ಮುಟ್ಟಬಹುದೆಂಬುದನ್ನು ಅಗಂ ಗೋಷ್ಠಿಯು ತೋರಿಸಿಕೊಟ್ಟಿದೆ.

ಬೆಂಗಳೂರಿನಲ್ಲಿ ಬೆಳೆದ ಈ ಗೋಷ್ಠಿಯ ಪ್ರಸಿದ್ಧ ಗೀತಗಳು ತೆಲುಗು, ಸಂಸ್ಕೃತ, ತಮಿಳು, ಮಲಯಾಳಗಳವು. ಇದಕ್ಕಾಗಿ ಅವರನ್ನು ದೂರುವುದು ನ್ಯಾಯವಲ್ಲ. ತಮಗೆ ಪಾಠವಾದುದನ್ನು ಅವರು ಹಾಡಿದರು. ಕನ್ನಡದ ಸುಳಾದಿಯು ಪಾಠದಲ್ಲಿಯೇ ಇಲ್ಲದಿರುವಾಗ ಅದು ಗೋಷ್ಠಿಗೆ ಬರುವುದೆಂತು? ಆದುದರಿಂದ ಮೊದಲ ಕರ್ತವ್ಯವು ಗಾಯಕರದಲ್ಲ, ಅಧ್ಯಾಪಕರದು. ತರಗತಿಯಲ್ಲಿ ಸುಳಾದಿಯನ್ನು ಓದಿಸುವಾಗ ಪದಗಳ ಅರ್ಥವನ್ನು ಹೇಳುವುದರೊಡನೆ ತಾಳವನ್ನು ಕೈಯಲ್ಲಿ ಹಾಕಿಸಿ, ಖಂಡದಿಂದ ಖಂಡಕ್ಕೆ ಗತಿಯು ತಿರುಗುವುದನ್ನು ವಿದ್ಯಾರ್ಥಿಯ ಮೈಗೆ ತಿಳಿಯಪಡಿಸಿದರೆ ಅಷ್ಟರ ಮಟ್ಟಿಗೆ ಧಾತುವಿನ ಅರ್ಧಭಾಗವು ಬದುಕುವುದು. ಹಾಗೆ ಕಲಿತ ಸಿಂಧನೂರಿನ ಅಥವಾ ಲಿಂಗಸುಗೂರಿನ ಹುಡುಗನು ಮುಂದೆ ಗಿಟಾರನ್ನೇ ಹಿಡಿಯಲಿ, ತಂಬೂರಿಯನ್ನೇ ಹಿಡಿಯಲಿ, ಅಂಕಿತವನ್ನು ಬಿಡದೆ, ತಾಳವನ್ನು ತಪ್ಪದೆ, ಏಳು ಖಂಡಗಳನ್ನೂ ಹಾಡಿ ಜತೆಯಿಂದ ಮುಗಿಸಿದನಾದರೆ ವಿಜಯದಾಸರ ನೆಲಕ್ಕೆ ಅದು ಹೊಸತನವೆನಿಸದು. ಹೋದುದು ಮರಳಿ ಬಂದಂತಾಗುವುದು.